ಹಳೆಯ ಲಿನಕ್ಸ್‌ಗೆ ಹೊಸ ರೆಪಾಸಿಟರಿಯನ್ನು ಬೆರೆಸುವ ಮುನ್ನ

ಡೊಂಬಿವಲಿಯ ಕನ್ನಡ ವಾಚನಾಲಯವೊಂದರಲ್ಲಿ ದಾನವಾಗಿ ಬಂದ ಹಳೆಯ ಕಂಪ್ಯೂಟರ್ ಇದೆ. ಅದರಲ್ಲಿ 2019ರ ಜುಲೈನಲ್ಲಿ ಬಿಡುಗಡೆಯಾದ ಡೆಬಿಯನ್ 10 ಎಂಬ ಲಿನಕ್ಸ್ ಇತ್ತು. ಪುಸ್ತಕಗಳ ಪಟ್ಟಿ, ಸದಸ್ಯರ ಲೆಕ್ಕ, ಕನ್ನಡ ಬೆರಳಚ್ಚು ಎಲ್ಲವೂ ಅದರಲ್ಲೇ ನಡೆಯುತ್ತಿದ್ದವು. ಶಿಥಿಲವಾಗುತ್ತಿದ್ದ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಪಠ್ಯವಾಗಿಸಲು ನಮಗೆ ಟೆಸೆರಾಕ್ಟ್ ಎಂಬ ತಂತ್ರಾಂಶದ 5ನೆಯ ಆವೃತ್ತಿ ಬೇಕಾಗಿತ್ತು, ಆದರೆ ಡೆಬಿಯನ್ 10ರಲ್ಲಿ ಸಿಗುವುದು 4ನೆಯದು. ನಾನು ಡೆಬಿಯನ್ 12ರ ರೆಪಾಸಿಟರಿಯ (ತಂತ್ರಾಂಶಗಳನ್ನು ಇಳಿಸಿಕೊಳ್ಳುವ ಸರ್ವರ್ ಭಂಡಾರದ) ವಿಳಾಸದ ಒಂದು ಸಾಲನ್ನು ಸೇರಿಸಿ, ತೆರೆಯ ಮೇಲೆ ಬಂದ ಉದ್ದನೆಯ ಪಟ್ಟಿಯನ್ನು ಪೂರ್ತಿ ಓದದೆ ಒಪ್ಪಿಗೆ ಕೊಟ್ಟೆ. ಟೆಸೆರಾಕ್ಟ್ ಬಂತು, ಜೊತೆಗೆ ಲಿಬ್ರೆಆಫೀಸ್ ಮತ್ತು ಡೆಸ್ಕ್‌ಟಾಪ್‌ನ ಹಲವು ಭಾಗಗಳು ಹೋದವು. ಮುಂಬಯಿ, ಪುಣೆ, ಗೋವಾದ ಬೇರೆ ವಾಚನಾಲಯಗಳಲ್ಲಿ ಇದೇ ಸಂಕಟ ಮರುಕಳಿಸದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಒಂದು ಬಿಡುಗಡೆಯ ರೆಪಾಸಿಟರಿಯಲ್ಲಿರುವ ಸಾವಿರಾರು ಪ್ಯಾಕೇಜ್‌ಗಳು (ಸ್ಥಾಪಿಸಲು ಸಿದ್ಧವಾದ ತಂತ್ರಾಂಶದ ಕಟ್ಟುಗಳು) ಪರಸ್ಪರ ಹೊಂದುವಂತೆ ಒಟ್ಟಿಗೆ ಕಟ್ಟಲ್ಪಟ್ಟಿರುತ್ತವೆ. ಅವುಗಳಲ್ಲಿ ಬಹುಪಾಲು ಜಿಲಿಬ್‌ಸಿ ಎಂಬ ಮೂಲ ಲೈಬ್ರರಿಯ (ಹಲವು ತಂತ್ರಾಂಶಗಳು ಹಂಚಿಕೊಳ್ಳುವ ಸಂಕೇತಗಳ ಸಂಗ್ರಹದ) ಮೇಲೆ ನಿಂತಿವೆ. ಇದರ ಆವೃತ್ತಿ ಡೆಬಿಯನ್ 10ರಲ್ಲಿ 2.28, 11ರಲ್ಲಿ 2.31, 12ರಲ್ಲಿ 2.36. ಹಳೆಯ ಜಿಲಿಬ್‌ಸಿಗಾಗಿ ಕಟ್ಟಿದ ತಂತ್ರಾಂಶ ಹೊಸದರ ಮೇಲೆ ಸಾಮಾನ್ಯವಾಗಿ ಓಡುತ್ತದೆ, ಆದರೆ ಹೊಸದಕ್ಕೆ ಕಟ್ಟಿದ್ದು ಹಳೆಯದರ ಮೇಲೆ ಓಡುವ ಭರವಸೆಯಿಲ್ಲ. ಜಿಲಿಬ್‌ಸಿ 2.27 ಇರುವ ಉಬುಂಟು 18.04 ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ನೋಡ್ ಜೆಎಸ್ 18 ಎಂಬ ತಂತ್ರಾಂಶದ ಸಿದ್ಧ ಪ್ಯಾಕೇಜ್ ಹಾಕಲು ಹೋದವರು 2.28 ಸಿಗಲಿಲ್ಲವೆಂಬ ದೂರನ್ನು ಕಂಡಿರುತ್ತಾರೆ. ಹೊಸ ರೆಪಾಸಿಟರಿಯೂ ಪಟ್ಟಿಯಲ್ಲಿದ್ದರೆ ಪ್ಯಾಕೇಜ್‌ಗಳನ್ನು ಸ್ಥಾಪಿಸುವ ಆಪ್ಟ್ ಎಂಬ ಸಾಧನ ದೂರು ಹೇಳದೆ ಜಿಲಿಬ್‌ಸಿಯನ್ನೇ ಮೇಲೇರಿಸುತ್ತದೆ, ಅದಕ್ಕೆ ಹೊಂದದ ಹಳೆಯ ಪ್ಯಾಕೇಜ್‌ಗಳನ್ನು ತೆಗೆದುಹಾಕುವುದಾಗಿ ಹೇಳುತ್ತದೆ. ನಮ್ಮಲ್ಲಿ ಆದದ್ದು ಇದೇ.

ಆದ್ದರಿಂದ ಮೊದಲು ನಿಮ್ಮ ಯಂತ್ರದ ಬಿಡುಗಡೆ ಯಾವುದೆಂದು ಇಟಿಸಿ ಫೋಲ್ಡರ್‌ನ ಓಎಸ್-ರಿಲೀಸ್ ಕಡತದಲ್ಲಿ ನೋಡಿಕೊಳ್ಳಿ. ಬಳಿಕ ಸೋರ್ಸಸ್ ಡಾಟ್ ಲಿಸ್ಟ್ ಕಡತವನ್ನೂ, ಅದರ ಪಕ್ಕದಲ್ಲೇ ಇರುವ ಸೋರ್ಸಸ್ ಡಾಟ್ ಲಿಸ್ಟ್ ಡಾಟ್ ಡಿ ಫೋಲ್ಡರ್‌ನ ಪ್ರತಿಯೊಂದು ಕಡತವನ್ನೂ ತೆರೆದು, ಎಲ್ಲ ಸಾಲುಗಳಲ್ಲಿ ಅದೇ ಬಿಡುಗಡೆಯ ಹೆಸರಿದೆಯೇ ಎಂದು ಪರಿಶೀಲಿಸಿ. ಡೆಬಿಯನ್ 10ರ ಹೆಸರು ಬಸ್ಟರ್, 11ರದು ಬುಲ್ಸ್‌ಐ, 12ರದು ಬುಕ್‌ವರ್ಮ್. ಹೆಸರಿನ ಬದಲು ‘ಸ್ಟೇಬಲ್’ ಎಂದು ಬರೆದಿದ್ದರೆ ಅದನ್ನು ತಿದ್ದಲೇಬೇಕು. ಹೊಸ ಬಿಡುಗಡೆ ಬಂದ ದಿನ ಆ ಪದದ ಅರ್ಥ ಬದಲಾಗಿ ಅದು ಹೊಸ ಬಿಡುಗಡೆಯನ್ನು ಸೂಚಿಸುತ್ತದೆ. ಉಬುಂಟುವಿನ ಸಾಲನ್ನು ಡೆಬಿಯನ್‌ಗೆ ಹಾಕುವುದೂ ಸಲ್ಲದು. ಉಬುಂಟು 21.10ರಿಂದೀಚೆಗೆ ಪ್ಯಾಕೇಜ್‌ಗಳನ್ನು ಝಡ್‌ಸ್ಟ್ಯಾಂಡರ್ಡ್ ವಿಧಾನದಲ್ಲಿ ಕುಗ್ಗಿಸಲಾಗುತ್ತಿದ್ದು, ಡೆಬಿಯನ್ 10 ಮತ್ತು 11ರ ಮೂಲ ಡಿಪಿಕೆಜಿ ಎಂಬ ಪ್ಯಾಕೇಜ್ ಸಾಧನಕ್ಕೆ ಅವುಗಳನ್ನು ಬಿಚ್ಚಲೂ ಬರುವುದಿಲ್ಲ.

ಹಲವು ಸಲ ತೊಂದರೆ ಶುರುವಾಗುವುದು ರೆಪಾಸಿಟರಿ ಇದ್ದಲ್ಲಿ ಇಲ್ಲದಿರುವುದರಿಂದ. ಡೆಬಿಯನ್ 10ರ ದೀರ್ಘಾವಧಿ ಬೆಂಬಲ 2024ರ ಜೂನ್ 30ಕ್ಕೆ ಮುಗಿದು, ಅದರ ಪ್ಯಾಕೇಜ್‌ಗಳು ಡೆಬಿಯನ್‌ನ ಆರ್ಕೈವ್ ಸರ್ವರಿಗೆ ಹೋಗಿವೆ. ಅದೇ ದಿನ ಬೆಂಬಲ ಮುಗಿದ ಸೆಂಟ್‌ಓಎಸ್ 7 ಎಂಬ ಲಿನಕ್ಸ್‌ನ ಪ್ಯಾಕೇಜ್‌ಗಳು ವಾಲ್ಟ್ ಸರ್ವರಿನಲ್ಲಿವೆ. 404 (ಕಡತ ಸಿಗಲಿಲ್ಲ) ಎಂಬ ದೋಷ ಕಂಡಾಗ ಹೊಸ ಬಿಡುಗಡೆಯ ಹೆಸರು ಬರೆಯಬೇಡಿ, ಹೆಸರನ್ನು ಹಾಗೆಯೇ ಉಳಿಸಿ ವಿಳಾಸವನ್ನು ಮಾತ್ರ ಬದಲಿಸಿ. ಅವಧಿ ಮೀರಿದೆಯೆಂದು ಆಪ್ಟ್ ತಡೆದರೆ ಆ ದಿನಾಂಕದ ತಪಾಸಣೆಯನ್ನಷ್ಟೇ ನಿಲ್ಲಿಸಬಹುದು. ಪ್ಯಾಕೇಜ್‌ಗಳು ಅಸಲಿಯೇ ಎಂದು ನೋಡುವ ಸಹಿಯ ತಪಾಸಣೆಯನ್ನು ಎಂದಿಗೂ ನಿಲ್ಲಿಸಬಾರದು. ಆರ್ಕೈವಿನಲ್ಲಿರುವುದಕ್ಕೆ ಭದ್ರತಾ ತಿದ್ದುಪಡಿಗಳು ಬರುವುದಿಲ್ಲ ಎಂಬುದು ನೆನಪಿರಲಿ.

ಈಗಾಗಲೇ ಬೆರಕೆಯಾಗಿದ್ದರೆ, ತಪ್ಪು ಸಾಲನ್ನು ತೆಗೆದು ಆಪ್ಟ್ ಅಪ್‌ಡೇಟ್ ನಡೆಸಿ, ಸ್ಥಾಪಿತ ಪ್ಯಾಕೇಜ್‌ಗಳ ಪಟ್ಟಿಯಲ್ಲಿ ‘ಲೋಕಲ್’ ಎಂಬ ಗುರುತಿರುವವನ್ನು ಬರೆದುಕೊಳ್ಳಿ. ಯಾವ ರೆಪಾಸಿಟರಿಯಲ್ಲೂ ಸಿಗದ ಆವೃತ್ತಿಗಳು ಅವು. ಯಾವಾಗ ಏನು ಬಂತು, ಏನು ಹೋಯಿತು ಎಂಬುದು ಆಪ್ಟ್‌ನ ಹಿಸ್ಟರಿ ಲಾಗ್‌ನಲ್ಲಿ ದಿನಾಂಕಸಹಿತ ಇರುತ್ತದೆ. ಸಣ್ಣ ಪ್ಯಾಕೇಜ್ ಒಂದೆರಡಿದ್ದರೆ ಅವನ್ನು ತೆಗೆದು ಹಳೆಯದನ್ನು ಹಾಕಬಹುದು. ಜಿಲಿಬ್‌ಸಿಯೇ ಮೇಲೇರಿದ್ದರೆ ಹಿಂದಕ್ಕೆ ಎಳೆಯುವ ಪ್ರಯತ್ನ ಬೇಡ. ಡೆಬಿಯನ್ ಅದನ್ನು ಬೆಂಬಲಿಸುವುದಿಲ್ಲ. ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲಿಸಿ ಹೊಸದಾಗಿ ಸ್ಥಾಪಿಸುವುದೇ ಮೇಲು. ನಾವು ಹಾಗೆಯೇ ಮಾಡಿದೆವು, ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು.

ಹೊಸ ತಂತ್ರಾಂಶ ನಿಜವಾಗಿಯೂ ಬೇಕಿದ್ದರೆ ಮೊದಲು ನಿಮ್ಮ ಬಿಡುಗಡೆಯ ಬ್ಯಾಕ್‌ಪೋರ್ಟ್ಸ್ ಹುಡುಕಿ, ಏಕೆಂದರೆ ಅಲ್ಲಿರುವುದು ಹೊಸ ತಂತ್ರಾಂಶವಾದರೂ ನಿಮ್ಮ ಹಳೆಯ ಲೈಬ್ರರಿಗಳ ಮೇಲೆಯೇ ಕಟ್ಟಿದ್ದು. ಅಲ್ಲಿಲ್ಲದಿದ್ದರೆ ತನ್ನ ಲೈಬ್ರರಿಗಳನ್ನು ತಾನೇ ತರುವ ಫ್ಲ್ಯಾಟ್‌ಪ್ಯಾಕ್ ನೋಡಿ. ಟೆಸೆರಾಕ್ಟ್‌ನಂತಹ ಟರ್ಮಿನಲ್ ತಂತ್ರಾಂಶಕ್ಕೆ, ಡಿಬೂಟ್‌ಸ್ಟ್ರ್ಯಾಪ್ ಎಂಬ ಸಾಧನದ ಮೂಲಕ ಪ್ರತ್ಯೇಕ ಫೋಲ್ಡರಿನಲ್ಲಿ ಡೆಬಿಯನ್ 12ನ್ನು ಇಳಿಸಿ, ಆ ಫೋಲ್ಡರನ್ನೇ ಇಡೀ ವ್ಯವಸ್ಥೆಯೆಂದು ತಂತ್ರಾಂಶಕ್ಕೆ ತೋರಿಸುವ ಸಿಎಚ್‌ರೂಟ್‌ನಿಂದ ಬಳಸುವ ದಾರಿ ನನಗೆ ಹೆಚ್ಚು ಮೆಚ್ಚುಗೆಯಾಗಿದೆ. ಡೆಬಿಯನ್ 10ರ 4.19 ಕರ್ನಲ್ (ವ್ಯವಸ್ಥೆಯ ತಿರುಳು) ಅದಕ್ಕೆ ಧಾರಾಳವಾಗಿ ಸಾಕು. ಎಲ್ಲ ಪ್ಯಾಕೇಜ್‌ಗಳಿಗೂ ಇಷ್ಟು ಅಂಜಬೇಕಾಗಿಲ್ಲ. ಗುಬ್ಬಿ, ನವಿಲು ಅಕ್ಷರಶೈಲಿಗಳ ಪ್ಯಾಕೇಜ್, ಟೆಸೆರಾಕ್ಟ್‌ನ ಕನ್ನಡ ದತ್ತಾಂಶ ಮುಂತಾದವುಗಳ ಆರ್ಕಿಟೆಕ್ಚರ್ (ಯಾವ ಬಗೆಯ ಯಂತ್ರಕ್ಕೆ ಎಂಬ ಗುರುತು) ‘ಆಲ್’ ಎಂದಿರುತ್ತದೆ. ಅವುಗಳಲ್ಲಿ ಜಿಲಿಬ್‌ಸಿಯನ್ನು ಬೇಡುವ ಯಂತ್ರಸಂಕೇತವಿಲ್ಲವಾದ್ದರಿಂದ ಅವು ಪೀಳಿಗೆ ದಾಟಿಯೂ ಸಾಮಾನ್ಯವಾಗಿ ಹೊಂದಿಕೊಳ್ಳುತ್ತವೆ.

ಯಾವುದನ್ನೇ ಹಾಕುವ ಮುನ್ನ ಏನನ್ನೂ ಬದಲಿಸದೆ ಆಗುವುದನ್ನಷ್ಟೇ ತೋರಿಸುವ ಆಪ್ಟ್‌ನ ಸಿಮ್ಯುಲೇಟ್ ಆಯ್ಕೆಯಿಂದ ಒಮ್ಮೆ ನಡೆಸಿ, ತೆಗೆದುಹಾಕಲಾಗುವ ಪ್ಯಾಕೇಜ್‌ಗಳ ಪಟ್ಟಿಯನ್ನು ಕೊನೆಯವರೆಗೆ ಓದಿ. ಇಡೀ ವ್ಯವಸ್ಥೆಯನ್ನೇ ಮೇಲೇರಿಸುವುದಾದರೆ 10ರಿಂದ 11ಕ್ಕೆ, ಅಲ್ಲಿಂದ 12ಕ್ಕೆ ಹೋಗಬೇಕು, ನಡುವಿನದನ್ನು ಜಿಗಿಯುವಂತಿಲ್ಲ. 11ಕ್ಕೆ ಹೋಗುವಾಗ ಭದ್ರತಾ ಸಾಲಿನ ರೂಪ ‘ಬುಲ್ಸ್‌ಐ-ಸೆಕ್ಯುರಿಟಿ’ ಎಂದಾಗುತ್ತದೆ. 12ಕ್ಕೆ ಹೋಗುವಾಗ ‘ನಾನ್-ಫ್ರೀ-ಫರ್ಮ್‌ವೇರ್’ ವಿಭಾಗವನ್ನು ಸೇರಿಸದಿದ್ದರೆ ಕೆಲವು ವೈಫೈ ಕಾರ್ಡುಗಳಿಗೆ ಬೇಕಾದ ಫರ್ಮ್‌ವೇರ್‌ನ (ಯಂತ್ರಭಾಗದೊಳಗೆ ಓಡುವ ತಂತ್ರಾಂಶದ) ಹೊಸ ಆವೃತ್ತಿ ಬರುವುದಿಲ್ಲ. ಯಂತ್ರ 32 ಬಿಟ್‌ನದಾಗಿದ್ದರೆ 12ಕ್ಕೇ ನಿಲ್ಲಿಸಿ, ಏಕೆಂದರೆ 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ಕ್ಕೆ ಆ ಯಂತ್ರಗಳ ಕರ್ನಲ್ ಆಗಲಿ ಇನ್‌ಸ್ಟಾಲರ್ ಆಗಲಿ ಇಲ್ಲ.