ಊರನ್ನು ಆರಿಸಲು ಪತ್ರಿಕೆ, ದಾರಿ ಹಿಡಿಯಲು ಕೈಪಿಡಿ

ಪ್ರವಾಸಿ ಕೈಪಿಡಿಯು ಎಲ್ಲಿಗೆ ಹೋಗಬೇಕೆಂದು ಈಗಾಗಲೇ ತೀರ್ಮಾನಿಸಿದವರಿಗಾಗಿ ಸಿದ್ಧವಾಗುವ ಪುಸ್ತಕ. 1830-40ರ ದಶಕಗಳಲ್ಲಿ ಇಂಗ್ಲೆಂಡಿನ ಜಾನ್ ಮರ್ರೆ ಮತ್ತು ಜರ್ಮನಿಯ ಕಾರ್ಲ್ ಬೇಡೆಕರ್ ಅದಕ್ಕೆ ಕೊಟ್ಟ ರೂಪವೇ ಬಹುಮಟ್ಟಿಗೆ ಇಂದಿಗೂ ಉಳಿದಿದೆ: ದಾರಿ, ವಸತಿ, ನೋಡತಕ್ಕ ಸ್ಥಳಗಳು, ಅವುಗಳಲ್ಲಿ ಮುಖ್ಯವಾದವಕ್ಕೆ ನಕ್ಷತ್ರದ ಗುರುತು. ಎಲ್ಲವನ್ನೂ ಒಳಗೊಳ್ಳಬೇಕಾದ ಹೊಣೆ ಇರುವುದರಿಂದ ಅದು ಒಂದು ಸ್ಥಳದ ಬಗ್ಗೆ ಎರಡು ವಾಕ್ಯ ಬರೆದು ಮುಂದಿನದಕ್ಕೆ ಹೋಗುತ್ತದೆ. ಆ ಊರಿಗೆ ಏಕೆ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರ ಬೇಕಿದ್ದರೆ, ಒಂದೇ ಊರಿನಲ್ಲಿ ಹಲವು ದಿನ ತಂಗಿ, ಒಂದೇ ವಿಷಯವನ್ನು ಬೆನ್ನುಹತ್ತಿ ಬರೆದವರ ಲೇಖನ ಓದಬೇಕು. ಅಂಥ ಬರಹ ಸಿಗುವುದು ಪತ್ರಿಕೆಗಳಲ್ಲಿ.

ಯಾವ ಪತ್ರಿಕೆ ಎಂಬುದರಿಂದಲೇ ಕೆಲಸ ಆರಂಭವಾಗುತ್ತದೆ. ಪ್ರವಾಸಕ್ಕೇ ಮೀಸಲಾದ ಮಾಸಿಕಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಆದರೆ ನನ್ನ ದೃಷ್ಟಿಯಲ್ಲಿ ಹೆಚ್ಚು ಫಲ ಕೊಡುವುದು ನಿಮಗೆ ಮೊದಲಿನಿಂದಲೂ ಪ್ರೀತಿಯಿರುವ ವಿಷಯದ ಪತ್ರಿಕೆ. ಹಕ್ಕಿಗಳು, ವಾಸ್ತುಶಿಲ್ಪ, ನೇಯ್ಗೆ, ರೈಲು, ಅಡುಗೆ, ಸಂಗೀತ, ಇತಿಹಾಸ, ಯಾವುದಾದರೂ ಆಗಬಹುದು. ಹಕ್ಕಿಗಳ ಪತ್ರಿಕೆಯಲ್ಲಿ ಬಂದ ಒಂದು ಜೌಗುನೆಲದ ವರ್ಣನೆ ಕೈಪಿಡಿಯಲ್ಲಿ ಹೆಸರೂ ಇಲ್ಲದ ಊರಿಗೆ ನಿಮ್ಮನ್ನು ಕರೆದೊಯ್ಯಬಲ್ಲದು, ಮತ್ತು ಅಲ್ಲಿಗೆ ಹೋದಾಗ ಏನನ್ನು ನೋಡಬೇಕೆಂಬುದು ನಿಮಗೆ ಮೊದಲೇ ತಿಳಿದಿರುತ್ತದೆ.

ಓದುವಾಗ ಸ್ಥಳದ ಹೆಸರನ್ನು ಹುಡುಕುತ್ತ ಹೋಗಬೇಡಿ. ಲೇಖಕರು ಯಾವ ಪ್ರಶ್ನೆಯನ್ನು ಹಿಡಿದು ಹೊರಟರು ಎಂಬುದನ್ನು ಗಮನಿಸಿ. ಯಾವ ತಿಂಗಳಲ್ಲಿ ಹೋದರು, ಎಷ್ಟು ದಿನ ಉಳಿದರು, ನಡೆದರೋ ವಾಹನದಲ್ಲಿ ಸಾಗಿದರೋ, ಯಾರ ಮಾತು ಕೇಳಿ ದಾರಿ ಬದಲಿಸಿದರು ಎಂಬ ವಿವರಗಳಿಗೆ ಗೆರೆ ಎಳೆಯಿರಿ, ಏಕೆಂದರೆ ಆ ಅನುಭವವು ನಿಮಗೂ ದಕ್ಕುವುದೇ ಎಂಬುದನ್ನು ಅಳೆಯಲು ಇವೇ ಸಾಧನಗಳು. ಚಿತ್ರಗಳ ಅಡಿಯ ಬರಹವನ್ನು ಬಿಡದೆ ಓದಿ. ಲೇಖನದಲ್ಲಿ ಸೇರದ ಹಳ್ಳಿ, ಕಣಿವೆ, ಸಂತೆಗಳ ಹೆಸರುಗಳು ಎಷ್ಟೋ ಸಲ ಅಲ್ಲಿ ಮಾತ್ರ ಇರುತ್ತವೆ.

ಹಳೆಯ ಸಂಚಿಕೆಗಳನ್ನು ಕಡೆಗಣಿಸಬಾರದು. ಹೋಟೆಲಿನ ದರ ಬದಲಾಗುತ್ತದೆ, ಬೆಟ್ಟದ ಮೇಲೆ ಬೀಳುವ ಬೆಳಕು ಬದಲಾಗುವುದಿಲ್ಲ. 1888ರಲ್ಲಿ ಆರಂಭವಾದ ನ್ಯಾಷನಲ್ ಜಿಯಾಗ್ರಫಿಕ್ ತನ್ನ 1913ರ ಏಪ್ರಿಲ್ ಸಂಚಿಕೆಯನ್ನು ಪೆರುವಿನ ಇಂಕಾ ಕಾಲದ ಪಾಳುನಗರ ಮಾಚು ಪಿಚುವಿಗೆ ಮೀಸಲಿಟ್ಟಿತ್ತು. ಅಮೆರಿಕದ ಅನ್ವೇಷಕ ಹಿರಾಮ್ ಬಿಂಗಮ್ ಆ ಸ್ಥಳವನ್ನು ಮುಟ್ಟಿದ್ದು 1911ರಲ್ಲಿ. ಮರುವರ್ಷ ಮತ್ತೆ ಹೋದ ಅವರ ತಂಡ ಗೋಡೆಗಳನ್ನು ಮುಚ್ಚಿದ್ದ ಕಾಡನ್ನು ಕಡಿಸಿತು. ಇಂದು ಅಲ್ಲಿಗೆ ಹೋಗುವವರು ಆ ಸಂಚಿಕೆಯ ಚಿತ್ರಗಳನ್ನು ಮೊದಲೇ ಕಂಡಿದ್ದರೆ, ಅಚ್ಚುಕಟ್ಟಾದ ಹುಲ್ಲುಹಾಸಿನ ನಡುವೆ ನಿಂತ ಕಲ್ಲುಗಳನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಗ್ರಂಥಾಲಯಗಳಲ್ಲಿ ಇಂಥ ಬೈಂಡು ಮಾಡಿದ ಸಂಪುಟಗಳನ್ನು ಕೇಳಿ ನೋಡಿ. ಲೈಫ್ ವಾರಪತ್ರಿಕೆಯ 1936ರಿಂದ 1972ರವರೆಗಿನ ಸಂಚಿಕೆಗಳು ಗೂಗಲ್ ಬುಕ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ.

ಮನಸ್ಸನ್ನು ಹಿಡಿದ ಪುಟಗಳನ್ನು ಕತ್ತರಿಸಿ ಇಡಿ; ಗ್ರಂಥಾಲಯದ ಪ್ರತಿಯಾದರೆ ಫೋಟೊ ತೆಗೆದುಕೊಳ್ಳಿ. ಪತ್ರಿಕೆಯ ಹೆಸರು, ತಿಂಗಳು, ವರ್ಷಗಳನ್ನು ಆ ಪುಟದ ಮೇಲೆಯೇ ಬರೆಯಿರಿ. ಕಡತಗಳನ್ನು ದೇಶವಾರು ವಿಂಗಡಿಸುವುದು ಸಾಮಾನ್ಯ ರೂಢಿ. ನಾನು ಕಾರಣವಾರು ವಿಂಗಡಿಸಲು ಹೇಳುತ್ತೇನೆ. ‘ನದಿಯ ಜೊತೆ ನಡಿಗೆ’, ‘ಕುಶಲಕರ್ಮಿಗಳ ಊರು’, ‘ಚಳಿಗಾಲದ ಸಮುದ್ರ’ ಎಂಬಂಥ ತಲೆಬರಹಗಳ ಕೆಳಗೆ ದೂರದೂರದ ಸ್ಥಳಗಳು ಅಕ್ಕಪಕ್ಕ ಬಂದು ಕೂರುತ್ತವೆ. ಒಂದಕ್ಕೆ ಹೋಗಲು ಹಣವಾಗಲಿ ರಜೆಯಾಗಲಿ ಸಾಲದಿದ್ದಾಗ ಅದೇ ಆಸೆಯನ್ನು ತಣಿಸುವ ಇನ್ನೊಂದು ಹತ್ತಿರದಲ್ಲೇ ಕಾಣುತ್ತದೆ. ಅನಂತರ ಒಂದೆರಡು ತಿಂಗಳು ಕಡತವನ್ನು ಮುಚ್ಚಿಡಿ. ಮತ್ತೆ ತೆರೆದಾಗಲೂ ಸೆಳೆಯುವ ಪುಟವನ್ನು ಮಾತ್ರ ನಂಬಿ ಮುಂದುವರಿಯಿರಿ.

ಪತ್ರಿಕೆಯ ಚಿತ್ರಕ್ಕೆ ಮರುಳಾಗುವ ಅಪಾಯವೂ ಇದೆ. 1982ರ ಫೆಬ್ರವರಿ ಸಂಚಿಕೆಯ ಮುಖಪುಟಕ್ಕಾಗಿ ಇದೇ ನ್ಯಾಷನಲ್ ಜಿಯಾಗ್ರಫಿಕ್ ಅಡ್ಡ ಚಿತ್ರವೊಂದನ್ನು ಉದ್ದ ಪುಟಕ್ಕೆ ಹೊಂದಿಸಲು ಗೀಜಾದ ಪಿರಮಿಡ್ಡುಗಳನ್ನು ಕಂಪ್ಯೂಟರಿನಲ್ಲಿ ಹತ್ತಿರ ಸರಿಸಿತ್ತು. ಅದರ ಮೇಲೆ ಎದ್ದ ಚರ್ಚೆ ಇಂದಿಗೂ ಛಾಯಾಗ್ರಹಣದ ಪಾಠಗಳಲ್ಲಿ ಉಳಿದಿದೆ. ಆದ್ದರಿಂದ ಒಂದು ಚಿತ್ರ ಮನಸ್ಸು ಕದ್ದರೆ ಅದೇ ಸ್ಥಳದ, ಬೇರೆ ಬೇರೆ ಜನ ಬೇರೆ ಬೇರೆ ಋತುಗಳಲ್ಲಿ ತೆಗೆದ ಹತ್ತಾರು ಸಾಧಾರಣ ಫೋಟೊಗಳನ್ನು ನೋಡಿ. ಋತುವಿಗೆ ತಕ್ಕ ಚಿತ್ರಗಳನ್ನು ಹಿಂದಿನ ವರ್ಷವೇ ತೆಗೆದಿಡುವ ಪದ್ಧತಿ ಮಾಸಿಕಗಳಲ್ಲಿದೆ ಎಂಬುದೂ ನೆನಪಿನಲ್ಲಿರಲಿ. ಪುಟದ ಮೂಲೆಯಲ್ಲಿ ‘ಪ್ರಾಯೋಜಿತ’ ಅಥವಾ ‘ಜಾಹೀರಾತು’ ಎಂಬ ಸಣ್ಣಕ್ಷರ ಇದೆಯೇ, ಲೇಖನದ ಕೊನೆಯಲ್ಲಿ ಪ್ರವಾಸೋದ್ಯಮ ಮಂಡಳಿಗೋ ವಿಮಾನ ಸಂಸ್ಥೆಗೋ ಕೃತಜ್ಞತೆ ಹೇಳಲಾಗಿದೆಯೇ ಎಂದು ಪರಿಶೀಲಿಸಿ. 1987ರಲ್ಲಿ ಹೆರಾಲ್ಡ್ ಇವಾನ್ಸ್ ಸಂಪಾದಕತ್ವದಲ್ಲಿ ಆರಂಭವಾದ ಕಾಂಡೆ ನಾಸ್ಟ್ ಟ್ರಾವೆಲರ್ ಎಂಬ ಪ್ರವಾಸ ಪತ್ರಿಕೆ, ತನ್ನ ಲೇಖಕರು ಉಚಿತ ಪ್ರವಾಸ ಒಪ್ಪಬಾರದೆಂಬ ನಿಯಮವನ್ನೇ ತನ್ನ ಗುರುತಾಗಿ ಮಾಡಿಕೊಂಡಿತ್ತು. ಆತಿಥ್ಯ ಪಡೆದು ಬರೆದ ಬರಹವೆಲ್ಲ ಸುಳ್ಳಲ್ಲ, ಆದರೆ ಅಂಥ ಬರಹದಲ್ಲಿ ತೊಂದರೆಗಳ ಪ್ರಸ್ತಾಪ ಕಡಿಮೆ ಇರುವುದು ಸಹಜ.

ಇಷ್ಟಾದ ಮೇಲೆ ಕೈಪಿಡಿಯ ಸರದಿ ಬರುತ್ತದೆ. ಲೇಖನದಲ್ಲಿ ಬಂದ ಸ್ಥಳಗಳನ್ನು ನಕ್ಷೆಯ ಮೇಲೆ ಗುರುತಿಸಿ, ಒಂದರಿಂದ ಇನ್ನೊಂದಕ್ಕೆ ತಗಲುವ ಸಮಯವನ್ನು ಲೆಕ್ಕ ಹಾಕಿ; ಎರಡು ಪ್ಯಾರಾಗಳ ನಡುವಿನ ಅಂತರ ಎಷ್ಟೋ ಬಾರಿ ಒಂದು ಇಡೀ ದಿನದ ಪ್ರಯಾಣವಾಗಿರುತ್ತದೆ. ಬಾಗಿಲು ತೆರೆಯುವ ದಿನ, ಪ್ರವೇಶದ ನಿಯಮ, ವೀಸಾ ಮುಂತಾದವನ್ನು ಆಯಾ ಸಂಸ್ಥೆಯ ಅಧಿಕೃತ ಜಾಲತಾಣದಲ್ಲೇ ನೋಡಿ ಖಚಿತಪಡಿಸಿಕೊಳ್ಳಿ. ಹೊರಡುವಾಗ ಆ ಲೇಖನದ ಒಂದು ಪ್ರತಿ ಚೀಲದಲ್ಲಿರಲಿ. ಮರಳಿ ಬಂದ ಮೇಲೆ ಅದರ ಅಂಚಿನಲ್ಲಿ, ಲೇಖಕರು ಕಾಣದೆ ಬಿಟ್ಟು ನೀವು ಕಂಡದ್ದನ್ನು ದಿನಾಂಕ ಸಹಿತ ಬರೆದು, ಅದೇ ಕಡತಕ್ಕೆ ಸೇರಿಸಿ.