65 ಕೆಜಿ ಗೋಣಿ ಬಿಟ್ಟು 50ಕ್ಕೆ ಬಂದದ್ದು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಅಡಿಕೆ ಮಂಡಿ. ಮೂರು ವರ್ಷದ ಹಿಂದೆ 65 ಕೆಜಿ ಗೋಣಿ ನಿಲ್ಲಿಸಿ 50 ಕೆಜಿ ಮಾಡಿದಾಗ ಪುತ್ತೂರಿನ ವ್ಯಾಪಾರಿ ಗೆಳೆಯರು ನಕ್ಕಿದ್ದೇ ನಕ್ಕಿದ್ದು. "ಲೋಡಿಂಗ್‌ನವರಿಗೆ ಸುಮ್ನೆ ದುಡ್ಡು ಹಂಚುತ್ತೀಯಲ್ಲ ಮಾರಾಯ!" ಈಗ ಯಾರೂ ನಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ಪೆದ್ದುತನ ಹೇಳುತ್ತೇನೆ. ಹೊರೆ ಹೊರುವವರ ಯೂನಿಯನ್ ಸಹವಾಸವೇ ಬೇಡ ಅಂತ ಗಡಿಯಾಚೆ ಕರ್ನಾಟಕದಿಂದ ನಾಲ್ಕು ಹುಡುಗರನ್ನು ಕರೆತಂದಿದ್ದೆ. ಲೇಬರ್ ಆಫೀಸಿನಲ್ಲಿ ಅವರಿಗೆ ಕಾರ್ಡು ಮಾಡಿಸಿರಲಿಲ್ಲ. 1978ರ ಚುಮಟ್ಟು ಕಾನೂನು, ಅಂದರೆ ಹೊರೆ ಹೊರುವ ಕಾರ್ಮಿಕರ ಕೇರಳದ ಕಾನೂನು, ಗೊತ್ತಿಲ್ಲದೆ ಅಲ್ಲ, ನೋಡೋಣ ಅನ್ನುವ ಧೈರ್ಯ. ಎರಡನೇ ಲೋಡಿಗೇ ಪೂಲ್‌ನವರು (ಊರಿನ ಯೂನಿಯನ್ನಿನ ಲೋಡಿಂಗ್ ತಂಡ) ಲಾರಿ ಎದುರು ನಿಂತರು. ಜೂನ್ ತಿಂಗಳ ಮಳೆ. ಮೂರು ದಿನ ಲಾರಿ ಅಲುಗಲಿಲ್ಲ. ಟರ್ಪಾಲಿನ ತೂತಿನಿಂದ ನೀರಿಳಿದು ನಾಲ್ಕು ಗೋಣಿ ಚಾಲಿಗೆ (ಒಣಗಿಸಿ ಸುಲಿದ ಅಡಿಕೆ) ಬೂಸ್ಟು ಬಂತು. ರೇಟು ಇಳಿಸಿ ಮಾರಿದ್ದು, ಲಾರಿ ಕಾಯಿಸಿದ್ದಕ್ಕೆ ಕೊಟ್ಟ ಹಾಲ್ಟಿಂಗು ಎಲ್ಲ ಸೇರಿ ಮೂವತ್ತೈದು ಸಾವಿರದ ಹತ್ತಿರ ಹೋಯಿತು.

ಆಮೇಲೆ ಹೆದರಿ ಇನ್ನೊಂದು ತುದಿಗೆ ಹೋದೆ. ಗೋಣಿ ಮುಟ್ಟದವರಿಗೂ ಗುಟ್ಟಾಗಿ ಕೊಟ್ಟೆ. ಹೀಗೆ ಕೆಲಸ ಮಾಡದೆ ನೋಡಿ ನಿಂತದ್ದಕ್ಕೆ ಕೊಡುವ ನೋಕ್ಕುಕೂಲಿಯನ್ನು ಕೇರಳ ಸರ್ಕಾರ 2018ರ ಮೇ 1ರಿಂದಲೇ ನಿಲ್ಲಿಸಿತ್ತು. ಕೊಡುತ್ತಿದ್ದವನು ನಾನು, ಪೇಟೆಯಲ್ಲಿ ಬೈಯುತ್ತಿದ್ದವನೂ ನಾನೇ.

ಸಿಐಟಿಯು, ಐಎನ್‌ಟಿಯುಸಿ, ಬಿಎಂಎಸ್, ಎಸ್‌ಟಿಯು, ಹೀಗೆ ಎಲ್ಲ ಕಾರ್ಮಿಕ ಯೂನಿಯನ್‌ಗಳೂ ನಮ್ಮ ಜಿಲ್ಲೆಯಲ್ಲಿವೆ. ನಮ್ಮ ಪೂಲ್ ಯಾವುದು ಅಂತ ಕೇಳಬೇಡಿ. ಅದರ ಲೀಡರ್ ಒಂದು ದಿನ ತಕ್ಕಡಿ ಪಕ್ಕ ನಿಂತು ಹೇಳಿದರು: "ಧನಿಗಳೇ, ಕಾನೂನು 55 ಅನ್ನುತ್ತದೆ, ನಿಮ್ಮ ಗೋಣಿ 65 ಅನ್ನುತ್ತದೆ." ಮೊದಲು 75 ಕೆಜಿವರೆಗೆ ಹೊರಿಸಬಹುದಿತ್ತು, ಅದನ್ನು 55ಕ್ಕೆ ಇಳಿಸಿದ್ದಾರೆ. ಅವತ್ತು ಲೋಡು ಮುಗಿದ ಮೇಲೆ ಒಬ್ಬರು ಹಿರಿಯರು ಜಗಲಿಯಲ್ಲಿ ಕೂತು ಚಾ ಗ್ಲಾಸನ್ನು ಎಡಗೈಯಲ್ಲಿ ಹಿಡಿದಿದ್ದರು. ಬಲಗೈ ಮೇಲೇಳುತ್ತಿರಲಿಲ್ಲ. ತಲೆಗೆ ಸುತ್ತಿದ ಬೈರಾಸು (ಟವೆಲು) ಬಿಚ್ಚಿ ಕೊಟ್ಟದ್ದು ಪಕ್ಕದವರು. ಹತ್ತು ವರ್ಷದಿಂದ ನನ್ನ ಗೋಣಿ ಹೊತ್ತವರು, ನಾನು ನೋಡಿದ್ದು ಅವತ್ತೇ.

ರಾತ್ರಿ ಲೆಕ್ಕ ಹಾಕಿದೆ. ಕೂಲಿ ಗೋಣಿ ಲೆಕ್ಕದಲ್ಲಿ ಅಲ್ವಾ? 65ಕ್ಕೆ ಹದಿನಾಲ್ಕು ರೂಪಾಯಿ ಇತ್ತು. 50ಕ್ಕೆ ಹನ್ನೊಂದೂವರೆಗೆ ಒಪ್ಪಿಸಿದೆ. ಹೇಗೆ ಒಪ್ಪಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಲೇಬರ್ ಆಫೀಸಿನಲ್ಲಿ ಬರೆದು ಸಹಿ ಹಾಕಿಸಿಕೊಂಡೆ ಅಂತ ಮಾತ್ರ ಹೇಳುತ್ತೇನೆ. ಹತ್ತು ಟನ್ನಿಗೆ 154 ಗೋಣಿಯ ಜಾಗದಲ್ಲಿ 200 ಬೇಕು. ಖಾಲಿ ಗೋಣಿ, ಕೂಲಿ ಎಲ್ಲ ಸೇರಿ ಒಂದೂವರೆ ಸಾವಿರ ಜಾಸ್ತಿ. ಒಂದು ಗುಜರಾತ್ ಪಾರ್ಟಿ "65 ಇಲ್ಲದಿದ್ದರೆ ಬೇಡ" ಅಂದಿತು. ಬಿಟ್ಟೆ. ಎಂಟು ತಿಂಗಳಿಗೆ ತಾನೇ ವಾಪಸ್ ಬಂತು.

ಲಾಭ ಬಂದದ್ದು ನಾನು ಲೆಕ್ಕ ಹಾಕದ ಜಾಗದಿಂದ. ಹಗುರ ಗೋಣಿಗೆ ಕೊಕ್ಕೆ ಬೇಡ, ಇಬ್ಬರು ಕೈಯಲ್ಲೇ ಎತ್ತಿಕೊಡುತ್ತಾರೆ. ಗೋಣಿ ಹರಿಯುವುದು ನಿಂತಿತು, ಅಂಗಳದಲ್ಲಿ ಅಡಿಕೆ ಹೆಕ್ಕುವ ಕೆಲಸ ತಪ್ಪಿತು. ಮಧ್ಯಾಹ್ನದ ಮೂರು ಗಂಟೆಯವರೆಗೆ ಎಳೆಯುತ್ತಿದ್ದ ಲೋಡು ಹನ್ನೆರಡೂವರೆಗೆ ಮುಗಿಯುತ್ತದೆ. ಹಾಲ್ಟಿಂಗ್ ಕೊಟ್ಟು ಎರಡು ವರ್ಷವಾಯಿತು.

ನಡುವೆ ಒಂಬತ್ತು ಸಾವಿರ ಕೊಟ್ಟು ಕೈಗಾಡಿಯನ್ನೂ ತಂದೆ. ಮಳೆಗೆ ಅಂಗಳದ ಕೆಂಪು ಮಣ್ಣಿನಲ್ಲಿ ಚಕ್ರ ಹೂತಿತು, ಅದನ್ನು ಎತ್ತಲಿಕ್ಕೂ ಪೂಲ್‌ನವರೇ ಬಂದರು. ಕೂಲಿ ತೆಗೆದುಕೊಳ್ಳಲಿಲ್ಲ, ನಕ್ಕರು ಅಷ್ಟೆ. ಈಗ ಅದರ ಮೇಲೆ ಕೋಳಿ ಮಲಗುತ್ತದೆ. ಹತ್ತು ಗಂಟೆಗೆ ಚಾ ಬದಲು ಕುಚ್ಚಲಕ್ಕಿ ಗಂಜಿ, ಚಟ್ನಿ ಶುರು ಮಾಡಿದ್ದು ಮಾತ್ರ ಸರಿಯಾಯಿತು. ನಾನೂ ಅಲ್ಲೇ ಉಣ್ಣುತ್ತೇನೆ.

ಬರುವ ಏಪ್ರಿಲಿಗೆ ಒಪ್ಪಂದ ಮುಗಿಯುತ್ತದೆ. ಗೋಣಿಗೆ ಒಂದು ರೂಪಾಯಿ ಜಾಸ್ತಿ ಕೇಳುತ್ತಾರೆ ಅಂತ ಸುದ್ದಿ. ನಾನು ಐವತ್ತು ಪೈಸೆಯಿಂದ ಶುರು ಮಾಡುವವನು.