ಉತ್ತರೆಯಿಂದ ಚಿತ್ತೆಯವರೆಗೆ

ಹೊರಮೈ ಒಣಗಿದ ಮಾತ್ರಕ್ಕೆ ಕೌದಿ ಒಣಗಿತೆಂದು ನಂಬಬಾರದು. ಇಷ್ಟನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು, ಒಂದು ಟ್ರಂಕಿನ ತುಂಬ ಬೂಸೂ ಬೇಕಾಯಿತು.

2023ರ ಮೇ ತಿಂಗಳಲ್ಲಿ ನಿವೃತ್ತನಾದೆ. ಮೂವತ್ತೆರಡು ವರ್ಷ ಲೆಕ್ಕಪತ್ರ ನೋಡಿದವನು. ನನ್ನವಳಿಗೆ ಇನ್ನೂ ಐದಾರು ವರ್ಷ ಶಾಲೆಯ ನೌಕರಿಯಿದೆ. ಬೆಳಿಗ್ಗೆ ಎಂಟಕ್ಕೆ ಬಸ್ ಹತ್ತಿದರೆ ಮರಳಿ ಮನೆ ಸೇರುವುದು ಸಂಜೆ ಆರಕ್ಕೆ. ಹಗಲೆಲ್ಲ ಮನೆಯಲ್ಲಿ ಉಳಿಯುವವರು ನಾನು ಮತ್ತು ಎಂಬತ್ತು ದಾಟಿದ ಅವ್ವ. ಹೀಗಾಗಿ ಮನೆವಾರ್ತೆ ಯಾರೂ ಒಪ್ಪಿಸದೆಯೇ ನನ್ನ ಕೈಗೆ ಬಂತು. ಜೂನ್, ಜುಲೈ ಹೇಗೋ ಸಾಗಿದವು. ತೊಡಕು ಶುರುವಾದದ್ದು ಭಾದ್ರಪದ ಮುಗಿಯುವ ಹೊತ್ತಿಗೆ.

ವಿಜಯಪುರದ ಶರದೃತುವಿಗೆ ಒಂದು ಮುಖವಿಲ್ಲ. ಮಧ್ಯಾಹ್ನ ಬೇಸಿಗೆ, ಸಂಜೆ ಮಳೆಗಾಲ, ನಸುಕಿನಲ್ಲಿ ಚಳಿಗಾಲ; ಮೂರೂ ಒಂದೇ ದಿನದಲ್ಲಿ ಬಂದು ಹೋಗುತ್ತವೆ. ಜೂನ್‌ನಲ್ಲಿ ನಮ್ಮನ್ನು ಮರೆತಿದ್ದ ಮಳೆ ಸೆಪ್ಟೆಂಬರಿನಲ್ಲಿ ನೆನಪು ಮಾಡಿಕೊಂಡು ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ಹೆಚ್ಚು ಮಳೆ ಬೀಳುವ ತಿಂಗಳೇ ಅದು. ಎರೆಹೊಲದವರಿಗೆ ಅದು ವರ, ಹಿಂಗಾರಿ ಬಿಳಿಜೋಳ ಬಿತ್ತುವುದೇ ಆ ಹಸಿಯಲ್ಲಿ. ಆದರೆ ಹೊದಿಕೆ ಒಣಗಿಸುವವನಿಗೆ ಅದು ವರವಲ್ಲ.

ನಮ್ಮಲ್ಲಿ ನವರಾತ್ರಿಯ ಮೊದಲ ದಿನ ಘಟ್ಟ ಹಾಕುವ, ಅಂದರೆ ಕಲಶ ಸ್ಥಾಪಿಸುವ, ಮುಂಚೆ ಮನೆಯ ಹಾಸಿಗೆ, ಹೊದಿಕೆ, ಕೌದಿ ಎಲ್ಲವೂ ನೀರು ಕಾಣಬೇಕು. ಗೋಡೆಗೆ ಸುಣ್ಣ ಬಳಿಯದಿದ್ದರೂ ನಡೆದೀತು, ಕೌದಿ ತೊಳೆಯದಿದ್ದರೆ ನಡೆಯದು. ನಾನು ಮನೆ ಹಿಡಿದ ಮೊದಲ ವರ್ಷ ಬರಗಾಲ. ಘಟ್ಟ ಬಂದದ್ದು ಅಕ್ಟೋಬರ್ 15ಕ್ಕೆ. ಆಕಾಶದಲ್ಲಿ ಮೋಡದ ಸುಳಿವಿರಲಿಲ್ಲ. ಏಳು ಕೌದಿಗಳು ಒಂದೂವರೆ ದಿನದಲ್ಲಿ ಗರಿಗರಿಯಾದವು. ಹೆಂಗಸರು ಇಷ್ಟಕ್ಕೇ ಇಷ್ಟು ಗದ್ದಲ ಮಾಡುತ್ತಾರಲ್ಲ ಎಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ, ಅದೊಂದು ಪುಣ್ಯ.

ಮರುವರ್ಷ ಘಟ್ಟ ಅಕ್ಟೋಬರ್ 3ಕ್ಕೆ. ಅದೇ ಧೈರ್ಯದಲ್ಲಿ ಹಿಂದಿನ ವಾರ ತೊಳೆದು ಹಾಕಿದೆ. ಅರ್ಧ ದಿನ ಬಿಸಿಲು, ಅರ್ಧ ದಿನ ಮೋಡ. ಮೂರನೆಯ ದಿನ ಮೇಲೆ ಕೈಯಾಡಿಸಿ ನೋಡಿದೆ, ಬೆಚ್ಚಗಿತ್ತು. ಮಡಚಿ ಟ್ರಂಕಿಗೆ ಹಾಕಿ, ನುಸಿ ಬಾರದಿರಲೆಂದು ಹಸಿ ಬೇವಿನ ಸೊಪ್ಪನ್ನು ಧಾರಾಳವಾಗಿ ಹರಡಿ ಮುಚ್ಚಳ ಹಾಕಿದೆ. ದೀಪಾವಳಿಯ ನಂತರ ಅವ್ವನಿಗೆ ಚಳಿಯೆಂದು ಟ್ರಂಕು ತೆರೆದರೆ ಮುಖಕ್ಕೆ ರಾಚಿದ್ದು ಹಳೆಯ ನೆಲಮಾಳಿಗೆಯ ವಾಸನೆ. ಮಡಿಕೆಗಳ ನಡುವೆ ಬೂದುಬಣ್ಣದ ಚುಕ್ಕೆಗಳು. ನನ್ನ ಅಜ್ಜಿಯ ಇಳಕಲ್ ಸೀರೆಯ ಸೆರಗು ಒಳಗಿದ್ದ ಕೌದಿಯೂ ಅದರಲ್ಲಿತ್ತು.

“ಒಳಗೆ ಕೈ ಹಾಕಿ ನೋಡಿದ್ದೆಯೇನು ತಮ್ಮಾ?” ಎಂದು ಅವ್ವ ಕೇಳಿದಳು. ಬೈದಿದ್ದರೆ ಹಗುರಾಗುತ್ತಿತ್ತು.

ಕೌದಿ ಎಂದರೆ ಐದಾರು ಪದರಗಳ ಹಳೆಯ ಹತ್ತಿಬಟ್ಟೆ. ಬಿಸಿಲು ಮೇಲಿನ ಪದರವನ್ನು ಒಣಗಿಸುತ್ತದೆ, ನಡುವಿನ ನೀರು ಕೆಳಕ್ಕೆ ಇಳಿದು ಅಂಚಿನ ಹೊಲಿಗೆಯಲ್ಲಿ ನಿಲ್ಲುತ್ತದೆ. ಹಸಿ ಬೇವಿನ ಸೊಪ್ಪು ತನ್ನ ಪಾಲಿನ ತೇವವನ್ನೂ ಸೇರಿಸುತ್ತದೆ. ಬೇವನ್ನು ನೆರಳಲ್ಲಿ ಒಣಗಿಸಿ, ಎಲೆ ಕೈಯಲ್ಲಿ ಪುಡಿಯಾಗುವಂತಾದ ಮೇಲೆಯೇ ಟ್ರಂಕಿಗೆ ಹಾಕಬೇಕು. ಅವ್ವನ ಪರೀಕ್ಷೆ ಬೇರೆ. ಕೆಳಗಿನ ಮೂಲೆಯನ್ನು ಎರಡು ಮಡಿಕೆ ಮಾಡಿ ಕೆನ್ನೆಗೆ ಒತ್ತಿಕೊಳ್ಳುತ್ತಾಳೆ. ತಣ್ಣಗೆ ತಗುಲಿದರೆ ಒಳಗೆ ನೀರಿದೆ ಎಂದರ್ಥ. ನನ್ನ ಕೆನ್ನೆಗೆ ಅಷ್ಟು ಬುದ್ಧಿಯಿಲ್ಲ. ನಾನು ಕೊಕ್ಕೆಗೆ ನೇತುಹಾಕಿ ತೂಗುವ ಸಣ್ಣ ಯಂತ್ರವೊಂದನ್ನು ಕೊಂಡೆ. ತೊಳೆಯುವ ಮುನ್ನ ತೂಗಿ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ, ಒಣಗಿದಂತೆ ಕಂಡಾಗ ಮತ್ತೆ ತೂಗುತ್ತೇನೆ. ಮುಂಚೆ 3 ಕಿಲೋ 100 ಗ್ರಾಂ ಇದ್ದದ್ದು ಎರಡನೆಯ ದಿನದ ಸಂಜೆ 3 ಕಿಲೋ 350 ತೋರಿಸಿತು. ಅಂದರೆ ಕಾಲು ಕಿಲೋ ನೀರು ಇನ್ನೂ ಒಳಗೇ ಕುಳಿತಿದೆ! ಮುಟ್ಟಿದರೆ ಏನೂ ತಿಳಿಯುತ್ತಿರಲಿಲ್ಲ. ತಲೆಕೆಳಗು ಮಾಡಿ ಅಂಚನ್ನು ಮೇಲೆ ಹಾಕಿದ ಮೇಲೆ, ಮೂರನೆಯ ದಿನ 3 ಕಿಲೋ 40ಕ್ಕೆ ಬಂದು ನಿಂತಿತು. ಉಳಿದ 60 ಗ್ರಾಂ ಕೊಳೆಯ ಲೆಕ್ಕ ಎಂದೆ. ಆ ಲೆಕ್ಕ ಅವ್ವನಿಗೆ ಹಿಡಿಸಲಿಲ್ಲ, ಅದು ಅವಳು ಹೊದ್ದ ಕೌದಿ.

ಆಗಲೇ ಇನ್ನೊಂದು ಸಂಗತಿ ಹೊಳೆಯಿತು. ಹಬ್ಬ ಚಂದ್ರನ ಲೆಕ್ಕದಲ್ಲಿ ಹಿಂದೆ ಮುಂದೆ ಸರಿಯುತ್ತದೆ, ಮಳೆಯ ನಕ್ಷತ್ರ ಸೂರ್ಯನ ಲೆಕ್ಕದಲ್ಲಿ ಇದ್ದಲ್ಲೇ ಇರುತ್ತದೆ. ಸೆಪ್ಟೆಂಬರ್ 13ರ ಸುಮಾರಿಗೆ ಉತ್ತರೆ, 27ರ ಸುಮಾರಿಗೆ ಹಸ್ತ, ಅಕ್ಟೋಬರ್ 10ರ ಆಚೀಚೆ ಚಿತ್ತೆ. 2025ರಲ್ಲಿ ಘಟ್ಟ ಸೆಪ್ಟೆಂಬರ್ 22ಕ್ಕೇ ಬಂದು ಉತ್ತರೆಯ ನಟ್ಟನಡುವೆ ಸಿಕ್ಕಿಕೊಂಡಿತು. ಅವ್ವನೊಂದಿಗೆ ಚೌಕಾಶಿಗೆ ಕುಳಿತೆ. ತೆಳುವಾದ ಚಾದರ, ದಿಂಬಿನ ಚೀಲ, ದೇವರ ಮನೆಯ ಬಟ್ಟೆ ಘಟ್ಟದ ಮುಂಚೆ, ಕೌದಿಗಳು ಚಿತ್ತೆಯಲ್ಲಿ. ಎರಡು ದಿನ ಮಾತಿಲ್ಲ. ಕೊನೆಗೆ ಒಂದು ಕೌದಿಯನ್ನಾದರೂ ಶಾಸ್ತ್ರಕ್ಕೆ ತೊಳೆ ಎಂದಳು, ತೊಳೆದೆ. ಆ ತಿಂಗಳ ಕೊನೆಯಲ್ಲಿ ಭೀಮಾ ತೀರದ ಊರುಗಳಿಗೆ ನೆರೆ ನುಗ್ಗಿತು, ನಮ್ಮ ಅಂಗಳದ ಹಗ್ಗ ವಾರಗಟ್ಟಲೆ ತೊಟ್ಟಿಕ್ಕುತ್ತಿತ್ತು. ಆ ಒಂಟಿ ಕೌದಿಯನ್ನು ಫ್ಯಾನಿನ ಕೆಳಗೆ ಕುರ್ಚಿಗಳ ಮೇಲೆ ಹರಡಿ ಐದು ದಿನ ಕಾದೆವು.

ಕೂಲರಿನ ಕಥೆ ಇದಕ್ಕಿಂತ ನಾಚಿಕೆಗೇಡಿನದು. ಮೊದಲ ಮಳೆ ಬಿದ್ದ ಕೂಡಲೇ ಸ್ವಿಚ್ ಆರಿಸಿ ಮೂಲೆಗೆ ತಳ್ಳಿದ್ದೆ, ತೊಟ್ಟಿಯ ನೀರು ಚೆಲ್ಲಿರಲಿಲ್ಲ. ಅಕ್ಟೋಬರಿನ ಸೆಕೆಗೆ ಮತ್ತೆ ಬೇಕೆನಿಸುವಷ್ಟರಲ್ಲಿ ಆಶಾ ಕಾರ್ಯಕರ್ತೆ ಮನೆ ಮನೆ ನೋಡುತ್ತ ಬಂದರು. “ಸರ್, ಸ್ವಲ್ಪ ಇಲ್ಲಿ ಬನ್ನಿ” ಎಂದು ಕೂಲರಿನೊಳಗೆ ಟಾರ್ಚ್ ಹಿಡಿದರು. ಅಲ್ಪವಿರಾಮದಂಥ ಹುಳುಗಳು ನೀರಿನ ಮೇಲ್ಮೈಗೆ ತಲೆಕೆಳಗಾಗಿ ಜೋತುಬಿದ್ದಿದ್ದವು. ಬೆಳಕು ತಾಗಿದೊಡನೆ ಬಾಗಿ ಬಳುಕಿ ತಳಕ್ಕೆ ಇಳಿದವು. ಆ ವಾರ ಅವ್ವನಿಗೆ ಜ್ವರವಿತ್ತು. ರಕ್ತ ಪರೀಕ್ಷೆಯಲ್ಲಿ ಡೆಂಗಿ ಅಲ್ಲವೆಂದು ಬರುವವರೆಗೆ ನನ್ನ ಗಂಟಲಲ್ಲಿ ರೊಟ್ಟಿ ಇಳಿಯಲಿಲ್ಲ.

ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಮೊಟ್ಟೆಯಿಡುವುದು ಹೆಚ್ಚಾಗಿ ಮನೆಯಲ್ಲಿ ಕೂಡಿಟ್ಟ ತಿಳಿನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು, ಆದ್ದರಿಂದ ವಾರಕ್ಕೊಮ್ಮೆ ಪಾತ್ರೆ ಬರಿದಾಗಬೇಕು. ಚೆಲ್ಲುವುದಷ್ಟೇ ಸಾಲದು. ನೀರಿನ ಮಟ್ಟದ ಅಂಚಿಗೆ ಅಂಟಿಕೊಂಡ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿಕೊಂಡೇ ಬದುಕಿದ್ದು, ಮತ್ತೆ ನೀರು ತಗುಲಿದಾಗ ಒಡೆಯುತ್ತವೆ. ಗೋಡೆಯನ್ನು ಬ್ರಷ್ಷಿನಿಂದ ಉಜ್ಜಬೇಕು. ನಳದಲ್ಲಿ ನೀರು ಬಿಡುವ ದಿನ ಕಾದು ಡ್ರಮ್ಮು ತುಂಬಿಸಿಡುವ ನಮ್ಮ ಊರಿನಲ್ಲಿ ಈ ಮಾತು ಹೇಳುವುದು ಸುಲಭ, ಮಾಡುವುದು ಕಷ್ಟ. ತುಂಬಿದ ಡ್ರಮ್ಮನ್ನು ಚೆಲ್ಲಲು ಯಾರಿಗೆ ಮನಸ್ಸು ಬರುತ್ತದೆ? ನಾನು ಕಂಡುಕೊಂಡ ದಾರಿಯೆಂದರೆ ಎರಡು ಡ್ರಮ್ಮುಗಳನ್ನು ಸರದಿಯಲ್ಲಿ ಬಳಸುವುದು. ಒಂದರ ನೀರು ಪೂರ್ತಿ ತೀರಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕುತ್ತೇನೆ. ಬರಿದಾದದ್ದನ್ನು ಉಜ್ಜಿ ಬೋರಲು ಹಾಕುತ್ತೇನೆ, ತುಂಬಿದ್ದರ ಬಾಯಿಗೆ ಹಳೆಯ ಧೋತರ ಬಿಗಿಯುತ್ತೇನೆ. ಕೂಲರನ್ನು ಮಾತ್ರ ಈಗ ಅಕ್ಟೋಬರ್ ಮುಗಿಯುವವರೆಗೆ ಕಟ್ಟಿಡುವುದಿಲ್ಲ. ಪ್ರತಿ ಸೋಮವಾರ ತೊಟ್ಟಿ ಖಾಲಿ ಮಾಡಿ, ಒಳಗೋಡೆ ಉಜ್ಜಿ, ಅರ್ಧ ದಿನ ಬಿಸಿಲಿಗೆ ಒಡ್ಡುತ್ತೇನೆ.

ಇನ್ನು ಮೈಯ ವಿಚಾರ. ವೈದ್ಯರಿಗೆ ಶರದೃತುವೇ ತಾಯಿ ಎಂದು ಹಳೆಯ ಸಂಸ್ಕೃತದ ಮಾತೊಂದಿದೆ. ರೋಗಿಗಳನ್ನು ಕೊಟ್ಟು ಸಾಕುತ್ತಾಳಂತೆ. ಆಯುರ್ವೇದದ ಪ್ರಕಾರ ಇದು ಪಿತ್ತ ಕೆರಳುವ ಕಾಲ. ನನಗೆ ಪಿತ್ತದ ನಾಡಿ ಗೊತ್ತಿಲ್ಲ, ಬಾಯಿಹುಣ್ಣು ಗೊತ್ತು. ಬೆಳಗಿನ ತಂಪಿಗೆ ನೀರು ಕುಡಿಯುವುದು ಮರೆತು, ಮಧ್ಯಾಹ್ನದ ಬಿಸಿಲಿಗೆ ಪೇಟೆ ತಿರುಗಿ, ರಾತ್ರಿ ಮೆಣಸಿನಕಾಯಿ ಚಟ್ನಿ ತಿಂದರೆ ಮೂರನೆಯ ದಿನಕ್ಕೆ ಅದು ಹಾಜರು. ಈಗ ಹನ್ನೊಂದರೊಳಗೆ ಹೊರಗಿನ ಕೆಲಸ ಮುಗಿಸುತ್ತೇನೆ. ಮಧ್ಯಾಹ್ನ ರೊಟ್ಟಿಯ ಜೊತೆ ಮಜ್ಜಿಗೆ ಇರುತ್ತದೆ, ರಾತ್ರಿ ಮೊಸರು ಇಲ್ಲ. ಸೆಪ್ಟೆಂಬರಿನಲ್ಲಿ ಹೊಸ ಸಜ್ಜೆ ಬಂದಾಗ ಎಳ್ಳು ಹಚ್ಚಿದ ರೊಟ್ಟಿಯ ಆಸೆ ಹುಟ್ಟುತ್ತದೆ ನಿಜ. ಸಜ್ಜೆ ಉಷ್ಣ, ಚಳಿ ಬೀಳಲಿ ಎಂದು ಅವ್ವ ತಡೆಯುತ್ತಾಳೆ. ಅಲ್ಲಿಯವರೆಗೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ವಾರಕ್ಕೊಮ್ಮೆ ಹಾಗಲಕಾಯಿ.

ಸ್ನಾನದಲ್ಲಿ ಮಾಡುತ್ತಿದ್ದ ತಪ್ಪು ತಡವಾಗಿ ತಿಳಿಯಿತು. ಮಳೆಗಾಲದಲ್ಲಿ ರೂಢಿಯಾದ ಕುದಿಬಿಸಿ ನೀರನ್ನೇ ಮುಂದುವರಿಸಿದ್ದೆ. ಮಳೆ ಹಿಂದೆ ಸರಿದಂತೆ ಗಾಳಿಯ ತೇವ ಇಳಿಯುತ್ತದೆ. ಅದಕ್ಕೆ ಬಿಸಿನೀರು, ನಮ್ಮ ಬೋರಿನ ಸವಳು ನೀರು, ನೊರೆ ಬಾರದೆಂದು ಎರಡೆರಡು ಬಾರಿ ಹಚ್ಚುವ ಸಾಬೂನು ಸೇರಿ ಮೊಣಕಾಲಿನ ಕೆಳಗೆ ಚರ್ಮ ಬಿರುಕುಬಿಟ್ಟ ಕೆರೆಯಂತಾಗಿತ್ತು. ಈಗ ಉಗುರುಬೆಚ್ಚಗಿನ ನೀರು. ಸಾಬೂನು ಕಂಕುಳು, ಕಾಲಿಗಷ್ಟೇ. ಉಳಿದ ಮೈಗೆ ಹೆಸರುಹಿಟ್ಟು. ಮೈ ಪೂರ್ತಿ ಒರೆಸುವ ಮುನ್ನ, ಹಸಿ ಇರುವಾಗಲೇ ಕೊಬ್ಬರಿ ಎಣ್ಣೆ ಸವರಿದರೆ ತೇವ ಒಳಗೇ ಉಳಿಯುತ್ತದೆ. ಹಿಮ್ಮಡಿಗೆ ರಾತ್ರಿ ಔಡಲ ಎಣ್ಣೆ ಹಚ್ಚಿ ಕಾಲುಚೀಲ ಹಾಕುತ್ತೇನೆ. “ರೀ, ಚಾದರಕ್ಕೆಲ್ಲ ಎಣ್ಣೆ” ಎಂದು ನನ್ನವಳು ಗೊಣಗಿದ ದಿನದಿಂದ ಕಾಲುಚೀಲ ಬಂದದ್ದು.

ಸಂಜೆಯ ತಿರುಗಾಟವೂ ಹಿಂದೆ ಸರಿದಿದೆ. ಜುಲೈ ಮೊದಲಿಗೆ ಏಳರ ಹೊತ್ತಿಗೆ ಮುಳುಗುವ ಸೂರ್ಯ ಅಕ್ಟೋಬರ್ ಕೊನೆಗೆ ಆರಕ್ಕೇ ಮುಳುಗುತ್ತಾನೆ. ಬಾರಾಕಮಾನ್ ಸ್ಮಾರಕದವರೆಗೆ ಹೋಗಿ ಬರುವ ನಾನು ಈಗ ಐದಕ್ಕೇ ಚಪ್ಪಲಿ ಮೆಟ್ಟುತ್ತೇನೆ. ಸೆಕೆಯೆಂದು ಮಾಳಿಗೆಯ ಮೇಲೆ ಮಲಗುವುದನ್ನು ಬಿಟ್ಟೆ. ಹತ್ತು ಗಂಟೆಗೆ ಹಿತವೆನಿಸುವ ಗಾಳಿ ನಾಲ್ಕಕ್ಕೆ ಇಬ್ಬನಿ ಸುರಿಸಿ, ಕುತ್ತಿಗೆಯನ್ನು ಒಂದು ವಾರ ಒಂದೇ ಕಡೆ ತಿರುಗಿಸಿಟ್ಟಿತ್ತು.

2025ರ ಚಿತ್ತೆಯಲ್ಲಿ ಉಳಿದ ಆರು ಕೌದಿಗಳನ್ನೂ ತೊಳೆದೆ. ನಾಲ್ಕು ದಿನ ನೇರ ಬಿಸಿಲು ಬಿತ್ತು. ಆರನ್ನೂ ತೂಗಿ, ಆರೂ ಮೊದಲಿನ ತೂಕಕ್ಕಿಂತ ಕಡಿಮೆ ಬಂದದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಕೆಳಗೆ ಗೆರೆ ಎಳೆದು ಅವ್ವನಿಗೆ ತೋರಿಸಿದೆ. ಅವಳು ನೋಟ್‌ಬುಕ್ಕನ್ನು ಪಕ್ಕಕ್ಕಿಟ್ಟು ಒಂದೊಂದೇ ಕೌದಿಯ ಮೂಲೆಯನ್ನು ಕೆನ್ನೆಗೆ ಒತ್ತಿಕೊಂಡಳು. ಐದನ್ನು ನನ್ನ ಕಡೆ ತಳ್ಳಿದಳು. ಆರನೆಯದನ್ನು ತೊಡೆಯ ಮೇಲೇ ಇಟ್ಟುಕೊಂಡು, “ಇದು ನಾಳೆಯೂ ಬಿಸಿಲಲ್ಲಿರಲಿ” ಎಂದಳು.